ಅಪ್ಪನ ಗೆರೆ, ಅಮ್ಮನ ಬಳಿ: ವೈ-ಡಿಎನ್‌ಎ ಪರೀಕ್ಷೆಯಿಂದ ನಮ್ಮ ಮೂಲ ಸಿಕ್ಕೀತೇ?



ದೋಹಾದ ನಮ್ಮ ಕನ್ನಡ ಕುಟುಂಬಗಳಲ್ಲಿ, ಅದರಲ್ಲೂ ಮಕ್ಕಳು ಇಲ್ಲೇ ಹುಟ್ಟಿ ಬೆಳೆದ ಮನೆಗಳಲ್ಲಿ, ಈಚೆಗೆ ಒಂದು ಹೊಸ ಕುತೂಹಲ ಮೂಡಿದೆ. ಕೆನ್ನೆಯ ಒಳಭಾಗವನ್ನು ಕಡ್ಡಿಯಿಂದ ಉಜ್ಜಿ ಅಮೆರಿಕಕ್ಕೆ ಕಳುಹಿಸಿದರೆ ನಮ್ಮ ಮೂಲಪುರುಷ ಯಾರೆಂದು ಹೇಳಿಬಿಡುತ್ತಾರಂತೆ, ನಿಜವೇ? ಐರ್ಲೆಂಡಿನ ಸಹೋದ್ಯೋಗಿಯೊಬ್ಬರು ತಮ್ಮ ಕುಲದ ರಾಜನನ್ನೇ ಕಂಡುಕೊಂಡರಂತೆ, ನಾವೂ ಕಂಡುಕೊಳ್ಳಬಹುದೇ? ಕರಾವಳಿಯವರಂತೂ ಇನ್ನೂ ನೇರವಾಗಿ ಕೇಳುತ್ತಾರೆ: "ನಮ್ಮ ಬಳಿ ಯಾವುದೆಂದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅಜ್ಜಿ ಹೋದ ಮೇಲೆ ಕೇಳಲು ಜನವೂ ಇಲ್ಲ. ಈ ಪರೀಕ್ಷೆಯಿಂದ ತಿಳಿದೀತೇ? ನಮ್ಮ ಮೂಲ ನಾಗಬನ ಎಲ್ಲಿದೆಯೆಂದು ಹುಡುಕಲು ದಾರಿಯಾದೀತೇ?"

ಈ ಕೊನೆಯ ಪ್ರಶ್ನೆಯನ್ನು ನಗುತ್ತಾ ತಳ್ಳಿಹಾಕುವಂತಿಲ್ಲ. ವರ್ಷಕ್ಕೊಮ್ಮೆ ಮೂರು ವಾರದ ರಜೆಯಲ್ಲಿ ಊರಿಗೆ ಹೋಗಿ, ಅದರಲ್ಲಿ ಒಂದು ವಾರವನ್ನು ಕುಟುಂಬದ ಮೂಲಸ್ಥಾನ ಹುಡುಕುವುದಕ್ಕೇ ಮೀಸಲಿಟ್ಟು, ಜೋಯಿಸರ ಮನೆಯಿಂದ ಜೋಯಿಸರ ಮನೆಗೆ ಅಲೆದು ಬರಿಗೈಯಲ್ಲಿ ಮರಳಿದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅಂಥವರಿಗೆ ಪ್ರಯೋಗಾಲಯವೊಂದು ಉತ್ತರ ಕೊಡುತ್ತದೆ ಎಂದರೆ ಆಸೆ ಹುಟ್ಟುವುದು ಸಹಜ. ಆದ್ದರಿಂದ ಈ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳಲಾರದು ಎಂಬುದನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇವೆ. ಮೊದಲೇ ಹೇಳಿಬಿಡುತ್ತೇವೆ: ತುಳುನಾಡಿನ ಬಳಿಯನ್ನು ವೈ-ಡಿಎನ್‌ಎ ಪರೀಕ್ಷೆಯಿಂದ ತಿಳಿಯಲು ಸಾಧ್ಯವೇ ಇಲ್ಲ. ಯಾಕೆ ಎಂಬುದೇ ಸ್ವಾರಸ್ಯದ ವಿಷಯ.

ವೈ ಎಂಬುದು ಗಂಡಸರಲ್ಲಿ ಮಾತ್ರ ಇರುವ ವರ್ಣತಂತು. ಅದರಲ್ಲಿ ಸುಮಾರು 6 ಕೋಟಿ 24 ಲಕ್ಷ ಅಕ್ಷರಗಳಿವೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಪೂರ್ತಿಯಾಗಿ ಓದಲು ವಿಜ್ಞಾನಿಗಳಿಗೆ ಸಾಧ್ಯವಾದದ್ದು 2023ರಲ್ಲಿ. ಉಳಿದ ವರ್ಣತಂತುಗಳು ಪ್ರತಿ ತಲೆಮಾರಿನಲ್ಲೂ ತಂದೆಯದು ತಾಯಿಯದು ಬೆರೆತು ಇಸ್ಪೀಟು ಎಲೆಗಳಂತೆ ಕಲಸಿಹೋಗುತ್ತವೆ. ವೈ ಮಾತ್ರ, ಎರಡು ತುದಿಗಳನ್ನು ಬಿಟ್ಟರೆ, ಹೆಚ್ಚುಕಡಿಮೆ ಇದ್ದ ಹಾಗೆಯೇ ಅಪ್ಪನಿಂದ ಮಗನಿಗೆ ಬರುತ್ತದೆ. ಹಳೆಯ ಓಲೆಗರಿಯನ್ನು ಲಿಪಿಕಾರರು ಪ್ರತಿ ಮಾಡುತ್ತಿದ್ದರಲ್ಲ, ಹಾಗೆ. ಒಬ್ಬ ಲಿಪಿಕಾರ ಒಂದು ಅಕ್ಷರ ತಪ್ಪಿದರೆ ಅವನ ಪ್ರತಿಯಿಂದ ಮುಂದೆ ಹುಟ್ಟಿದ ಪ್ರತಿಗಳಲ್ಲೆಲ್ಲ ಆ ತಪ್ಪು ಉಳಿಯುತ್ತದೆ. ಯಾವ ತಪ್ಪು ಯಾವ ಪ್ರತಿಗಳಲ್ಲಿದೆ ಎಂದು ಹೋಲಿಸಿ ನಮ್ಮ ಹಳಗನ್ನಡ ವಿದ್ವಾಂಸರು ಮೂಲ ಪಾಠವನ್ನು ನಿರ್ಧರಿಸುತ್ತಿದ್ದರು. ವಂಶವಾಹಿ ತಜ್ಞರು ಮಾಡುವುದೂ ಅದೇ ಕೆಲಸ. ಇಂದಿನ ವಿಸ್ತಾರವಾದ ವೈ ಪರೀಕ್ಷೆಗಳು ಓದುವ ಭಾಗದಲ್ಲಿ ಸುಮಾರು 80ರಿಂದ 100 ವರ್ಷಕ್ಕೊಂದು ಹೊಸ ತಪ್ಪು ಸೇರುತ್ತದೆ ಎಂದು ಲೆಕ್ಕ. ಇಬ್ಬರು ಗಂಡಸರ ನಡುವೆ ಎಷ್ಟು ತಪ್ಪುಗಳ ವ್ಯತ್ಯಾಸವಿದೆಯೆಂದು ಎಣಿಸಿದರೆ, ಅವರಿಬ್ಬರ ಗಂಡುಗೆರೆಗಳು ಎಷ್ಟು ಕಾಲದ ಹಿಂದೆ ಒಂದೇ ಆಗಿದ್ದವು ಎಂದು ಅಂದಾಜು ಮಾಡಬಹುದು.

ಹೆಣ್ಣುಮಕ್ಕಳಿಗೆ ವೈ ಇಲ್ಲ. ಅವರು ತಂದೆಯ ಗೆರೆ ತಿಳಿಯಬೇಕಾದರೆ ತಂದೆಯೋ ಅಣ್ಣತಮ್ಮಂದಿರೋ ಚಿಕ್ಕಪ್ಪ ದೊಡ್ಡಪ್ಪಂದಿರೋ ಪರೀಕ್ಷೆ ಮಾಡಿಸಬೇಕು.

ಇಂಥ ಪರೀಕ್ಷೆಯನ್ನು ಸಾರ್ವಜನಿಕರಿಗೆ ಮಾರಲು ಮೊದಲು ಹೊರಟದ್ದು ಅಮೆರಿಕದ ಹ್ಯೂಸ್ಟನ್ನಿನ ಫ್ಯಾಮಿಲಿಟ್ರೀಡಿಎನ್‌ಎ ಕಂಪನಿ, 2000ದಲ್ಲಿ. ಅದು ಹೆಚ್ಚು ಫಲ ಕೊಟ್ಟ ನಾಡುಗಳಲ್ಲಿ ಐರ್ಲೆಂಡ್ ಒಂದು. 2006ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ತಂಡವೊಂದು ಪ್ರಕಟಿಸಿದ ಅಧ್ಯಯನದ ಪ್ರಕಾರ, ಐರ್ಲೆಂಡಿನ ವಾಯವ್ಯ ಭಾಗದ ಗಂಡಸರಲ್ಲಿ ಸುಮಾರು ಐದರಲ್ಲಿ ಒಬ್ಬರು ಒಂದೇ ಬಗೆಯ ವೈ ಹೊತ್ತಿದ್ದರು. ಅದು ಐದನೇ ಶತಮಾನದವನೆಂದು ಹೇಳಲಾಗುವ ನಿಯಲ್ ಎಂಬ ರಾಜನ ವಂಶದ್ದಿರಬಹುದು ಎಂದು ಅವರು ಊಹಿಸಿದರು. ಮಧ್ಯಯುಗದಲ್ಲಿ ಆ ನಾಡನ್ನು ಆಳಿದ ಈ ನೇಲ್ ಕುಲ ಅವನ ಹೆಸರಿನದೇ. ಪತ್ರಿಕೆಗಳು ಊಹೆಯನ್ನು ಬಿಟ್ಟು ರಾಜನನ್ನು ಮಾತ್ರ ಹಿಡಿದುಕೊಂಡವು. ನ್ಯೂಯಾರ್ಕಿನ ಟ್ಯಾಕ್ಸಿ ಚಾಲಕರೂ ರಾಜವಂಶಸ್ಥರಾದರು! ಮುಂದೆ ಹೆಚ್ಚು ಜನರ ವೈಯನ್ನು ಹೆಚ್ಚು ಆಳವಾಗಿ ಓದಿದಾಗ, ಎಂ222 ಎಂದು ಕರೆಯುವ ಆ ಗುರುತು ನಿಯಲ್‌ಗಿಂತ ಹಲವು ಶತಮಾನ ಹಳೆಯದು ಎಂದು ಕಂಡುಬಂತು. ಅಂದರೆ ಆ ಗುರುತಿದ್ದ ಮಾತ್ರಕ್ಕೆ ಯಾರೂ ನಿಯಲ್‌ನ ಸಂತಾನವಾಗುವುದಿಲ್ಲ.

ಆದರೂ ಐರಿಶರಿಗೆ ಈ ಪರೀಕ್ಷೆ ಕೆಲಸಕ್ಕೆ ಬರುತ್ತದೆ. ಅವರ ಮನೆತನದ ಹೆಸರುಗಳು ಹತ್ತು ಹನ್ನೊಂದನೇ ಶತಮಾನದ ಹೊತ್ತಿಗೇ ವಂಶಪಾರಂಪರ್ಯವಾಗತೊಡಗಿದ್ದವು. ಹೆಸರಿನ ಮುಂದಿನ 'ಓ' ಎಂದರೆ ಮೊಮ್ಮಗ, 'ಮ್ಯಾಕ್' ಎಂದರೆ ಮಗ. ಹೆಸರು ಅಪ್ಪನಿಂದ ಮಗನಿಗೆ ಹೋಗುತ್ತದೆ, ವೈಯೂ ಅಪ್ಪನಿಂದ ಮಗನಿಗೆ ಹೋಗುತ್ತದೆ. ಎರಡೂ ಒಂದೇ ಹಳಿಯ ಮೇಲಿನ ರೈಲು. ಜೊತೆಗೆ ವಂಶಾವಳಿಗಳನ್ನು ಬರೆದಿಡುವುದೇ ವೃತ್ತಿಯಾಗಿದ್ದ ಮನೆತನಗಳು ಅಲ್ಲಿದ್ದವು. ಅಂಥವರಲ್ಲೊಬ್ಬನಾದ ಡುವಾಲ್ಟಾಕ್ ಮ್ಯಾಕ್ ಫಿರ್ಬಿಸಿ 1650ರ ಹೊತ್ತಿಗೆ ಬರೆದ ಬೃಹತ್ ವಂಶಾವಳಿ ಗ್ರಂಥ ಇಂದಿಗೂ ಉಳಿದಿದೆ. ಹೆಸರು, ಬರಹ, ವೈ ಮೂರೂ ಒಂದಕ್ಕೊಂದು ಸಾಕ್ಷಿ ಹೇಳಿದಾಗ ಮಾತ್ರ ಮಧ್ಯಯುಗದ ಒಂದು ಮನೆತನವನ್ನು ಗುರುತಿಸಬಹುದು.

ನಾವಿರುವ ಕತಾರಿನಲ್ಲೂ ಸ್ಥಿತಿ ಬಹುಮಟ್ಟಿಗೆ ಹಾಗೆಯೇ. ಇಲ್ಲಿನ ಕುಲಗಳ ಹೆಸರು, ಬನೀ ಹಾಜಿರ್ ಇರಲಿ, ಅಲ್ ಮುರ್ರಾ ಇರಲಿ, ತಂದೆಯ ಕಡೆಯಿಂದ ಬರುವಂಥದು. ಕೊಲ್ಲಿಯ ಅರಬರು ತಮ್ಮ ವಂಶಾವಳಿಯನ್ನು ಬಾಯಿಪಾಠವಾಗಿ ಹೇಳುವುದನ್ನು ನೀವು ಕಚೇರಿಯಲ್ಲೇ ಕೇಳಿರಬಹುದು. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕತಾರಿನ 72 ಗಂಡಸರ ವೈ ಪರೀಕ್ಷಿಸಿದಾಗ ಸುಮಾರು 58 ಶೇಕಡಾ ಜನ ಜೆ1 ಎಂಬ ಒಂದೇ ದೊಡ್ಡ ಕವಲಿಗೆ ಸೇರಿದ್ದರು. ಆದರೆ ಕತಾರಿಗಳೆಲ್ಲ ಒಂದೇ ಮೂಲದವರು ಎಂದು ಇದರ ಅರ್ಥವಲ್ಲ. 2010ರಲ್ಲಿ 156 ಕತಾರಿಗಳ ಇಡೀ ವಂಶವಾಹಿಯನ್ನು ನೋಡಿದ ಇನ್ನೊಂದು ಅಧ್ಯಯನ ಮೂರು ಗುಂಪುಗಳನ್ನು ಕಂಡಿತು: ಬೆದೂಯಿನ್ ಅರಬರು, ಪರ್ಶಿಯಾ ಮತ್ತು ದಕ್ಷಿಣ ಏಷ್ಯಾದ ಕಡೆಯ ನೆಂಟಸ್ತಿಕೆ ಇರುವವರು, ಆಫ್ರಿಕಾದ ಮೂಲದವರು. ನಮ್ಮ ಕರಾವಳಿಗೂ ಈ ಕೊಲ್ಲಿಗೂ ನಡುವೆ ಹಾಯಿಹಡಗುಗಳು ಓಡಾಡಿದ್ದು ಎಣ್ಣೆ ಸಿಕ್ಕ ಮೇಲೆ ಶುರುವಾದದ್ದಲ್ಲವಲ್ಲ!

ಈಗ ನಮ್ಮ ತುಳುನಾಡಿಗೆ ಬರೋಣ.

ಭೂತಾಳ ಪಾಂಡ್ಯನ ಕಥೆ ಕರಾವಳಿಯವರಿಗೆಲ್ಲ ಗೊತ್ತು. ಬಲಿ ಕೊಡಲು ಹೆಂಡತಿ ಮಗನನ್ನು ಒಪ್ಪಿಸಲಿಲ್ಲ, ತಂಗಿ ತನ್ನ ಮಗನನ್ನು ಒಪ್ಪಿಸಿದಳು, ಆದ್ದರಿಂದ ಆಸ್ತಿ ಅಳಿಯನಿಗೆ ಎಂದಾಯಿತು ಎನ್ನುತ್ತದೆ ಕಥೆ. ಕಥೆ ಹೇಗೇ ಇರಲಿ, ಬಂಟರು, ಬಿಲ್ಲವರು, ಮೊಗವೀರರು, ತುಳುನಾಡಿನ ಜೈನರು ಮೊದಲಾದ ಸಮುದಾಯಗಳು ಶತಮಾನಗಳ ಕಾಲ ಅಳಿಯಕಟ್ಟಿನಲ್ಲಿ ಬದುಕಿದವು. ಆಸ್ತಿ ಮತ್ತು ಯಜಮಾನಿಕೆ ಸೋದರಮಾವನಿಂದ, ತುಳುವಿನಲ್ಲಿ ಹೇಳುವುದಾದರೆ ತಮ್ಮಲೆಯಿಂದ, ಅಳಿಯನಿಗೆ. ಬಳಿ ತಾಯಿಯಿಂದ ಮಕ್ಕಳಿಗೆ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳಲು ದಾರಿ ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಉಳಿದ ಕೆಲಸ ಮುಗಿಸಿತು. ಆಸ್ತಿಯ ಕಟ್ಟು ಹೋಯಿತು, ಬಳಿ ಉಳಿಯಿತು. ಇಂದಿಗೂ ಮದುವೆ ಮಾತುಕತೆಯಲ್ಲಿ ಹುಡುಗ ಹುಡುಗಿಯ ಬಳಿ ಒಂದೇ ಎಂದಾದರೆ ಅಣ್ಣ-ತಂಗಿ ಎಂದು ಮಾತು ನಿಲ್ಲಿಸುತ್ತಾರೆ.

ಈಗ ಒಂದು ಹಳೆಯ ಗುತ್ತಿನ ಮನೆಯ ಚಾವಡಿಯನ್ನು ನೆನಪಿಸಿಕೊಳ್ಳಿ. ಗೋಡೆಯ ಮೇಲೆ ಸಾಲಾಗಿ ಯಜಮಾನರ ಚಿತ್ರಪಟಗಳಿವೆ. ಒಬ್ಬರಾದ ಮೇಲೆ ಅವರ ಅಕ್ಕನ ಮಗ, ಅವರಾದ ಮೇಲೆ ಅವರ ತಂಗಿಯ ಮಗ. ಆ ಮೂವರ ವೈ ಪರೀಕ್ಷೆ ಮಾಡಿದರೆ ಏನು ಸಿಗುತ್ತದೆ? ಮೂವರದೂ ಬೇರೆ ಬೇರೆ! ಯಾಕೆಂದರೆ ಮೂವರ ವೈಯೂ ಅವರವರ ಅಪ್ಪಂದಿರಿಂದ ಬಂದದ್ದು, ಆ ಅಪ್ಪಂದಿರು ಬೇರೆ ಬೇರೆ ಮನೆಗಳಿಂದ, ಬೇರೆ ಬಳಿಗಳಿಂದ ಬಂದವರು. ಆ ಗುತ್ತಿಗೆ ತನ್ನದೇ ಆದ ವೈ ಎಂಬುದೇ ಇಲ್ಲ. ಯಜಮಾನರ ಸ್ವಂತ ಗಂಡುಮಕ್ಕಳು ಅವರ ವೈಯನ್ನು ಹೊತ್ತು ತಮ್ಮ ತಾಯಿಮನೆಯ ಲೆಕ್ಕಕ್ಕೆ ಸೇರಿಹೋದರು. ಗೋಡೆಯ ಮೇಲಿನ ಮೂವರಿಗೂ ಸಮಾನವಾಗಿ ಬಂದಿರುವುದು ತಾಯಿಯಿಂದ ಮಾತ್ರ ಬರುವ ಮೈಟೋಕಾಂಡ್ರಿಯದ ಡಿಎನ್‌ಎ. ಮಾವ ಮತ್ತು ಅಳಿಯನ ಮೈಯಲ್ಲಿ ಅದು ಒಂದೇ. ಅಳಿಯಕಟ್ಟು ಮಾಡಿದವರಿಗೆ ಇದೆಲ್ಲ ಎಲ್ಲಿ ಗೊತ್ತಿತ್ತು? ಆದರೆ ಅವರ ಕಟ್ಟಳೆ ಈ ತಾಯಿಗೆರೆಯ ಮೇಲೆಯೇ ಹರಿದಿದೆ.

ಮಧ್ಯಯುಗದ ಮನೆತನದ ಉದಾಹರಣೆಯೇ ಬೇಕೆಂದರೆ ಚೌಟರನ್ನು ನೋಡಿ. ಪುತ್ತಿಗೆ, ಮೂಡುಬಿದಿರೆ, ಉಳ್ಳಾಲಗಳನ್ನು ಆಳಿದ ಈ ಜೈನ ಅರಸರು ಅಳಿಯಕಟ್ಟಿನವರು. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕನಿಗೆ ಪಟ್ಟ ಬಂದದ್ದು ಸೋದರಮಾವ ತಿರುಮಲರಾಯ ಚೌಟನಿಂದ. ಮಂಗಳೂರಿನ ಬಂಗ ಅರಸನನ್ನು ಮದುವೆಯಾದರೂ ಅಬ್ಬಕ್ಕ ಚೌಟರವಳಾಗಿಯೇ ಉಳಿದಳು, ಕಟ್ಟಿನ ಪ್ರಕಾರ ಅವಳ ಸಂತಾನವೂ ಚೌಟರ ಮನೆಯದೇ. ಹೀಗಿರುವಾಗ ಐರ್ಲೆಂಡಿನ ಓ'ನೀಲ್‌ಗಳು ಮಾಡಿದಂತೆ ಚೌಟ ಹೆಸರಿನ ಹತ್ತು ಗಂಡಸರ ವೈಗಳನ್ನು ಒಟ್ಟು ಹಾಕಿ ಹೋಲಿಸಿದರೆ ಸಿಗುವುದು ಹತ್ತು ಬೇರೆ ಅಳಿಯಂದಿರ, ಭಾವಂದಿರ ಗೆರೆಗಳೇ ಹೊರತು ಚೌಟರ ಗೆರೆಯಲ್ಲ.

ಇದಕ್ಕೆ ಇನ್ನೊಂದು ತೊಡಕನ್ನು ನಮ್ಮಂಥ ಪರದೇಶವಾಸಿಗಳೇ ಸೇರಿಸಿದ್ದೇವೆ. ಬಂಗೇರ, ಸಾಲ್ಯಾನ್, ಕುಂದರ್, ಕರ್ಕೇರ, ಕೋಟ್ಯಾನ್, ಅಮೀನ್, ಸುವರ್ಣ ಇವೆಲ್ಲ ಬಳಿಯ ಹೆಸರುಗಳು, ಹಿಂದೆ ಇವು ತಾಯಿಯಿಂದ ಬರುತ್ತಿದ್ದವು. ಈಗ ಅಪ್ಪ ಕೋಟ್ಯಾನ್, ಅಮ್ಮ ಬಂಗೇರ ಎಂದಿಟ್ಟುಕೊಳ್ಳಿ. ಬಳಿಯ ಪ್ರಕಾರ ಮಗು ಬಂಗೇರ. ಆದರೆ ಪಾಸ್‌ಪೋರ್ಟಿನಲ್ಲಿ, ಇಲ್ಲಿನ ಆರ್‌ಪಿಯಲ್ಲಿ, ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರಿಗೆ ಹೊಂದಬೇಕಲ್ಲ, ಆದ್ದರಿಂದ ಮಗು ಕೋಟ್ಯಾನ್. ಆ ಹುಡುಗ ದೊಡ್ಡವನಾಗಿ ಅಮೀನ್ ಹುಡುಗಿಯನ್ನು ಮದುವೆಯಾದರೆ ಅವನ ಮಗು ಬಳಿಯಿಂದ ಅಮೀನ್, ಕಾಗದದಲ್ಲಿ ಮತ್ತೆ ಕೋಟ್ಯಾನ್. ಎರಡೇ ತಲೆಮಾರಿನಲ್ಲಿ ಹೆಸರಿಗೂ ಬಳಿಗೂ ಸಂಬಂಧ ಕಡಿದುಹೋಯಿತು. ಮಕ್ಕಳು ತಮ್ಮ ಹೆಸರನ್ನೇ ಬಳಿಯೆಂದು ತಿಳಿದಿದ್ದಾರೆ. ಇದನ್ನು ಮನೆಯಲ್ಲಿ ಕೂರಿಸಿಕೊಂಡು ಹೇಳದಿದ್ದರೆ ಮುಂದೆ ಯಾವ ಪ್ರಯೋಗಾಲಯವೂ ಹೇಳಲಾರದು.

ಹಾಗಾದರೆ ತಾಯಿಗೆರೆಯ ಪರೀಕ್ಷೆ ಮಾಡಿಸಿದರೆ ಬಳಿ ತಿಳಿಯುತ್ತದೆಯೇ? ಅರ್ಧ ಮಾತ್ರ. ಮೈಟೋಕಾಂಡ್ರಿಯದ ಡಿಎನ್‌ಎ ತೀರಾ ಚಿಕ್ಕದು, 16,569 ಅಕ್ಷರ ಅಷ್ಟೆ. ಅದರಲ್ಲಿ ಹೊಸ ತಪ್ಪು ಸೇರುವುದೂ ಅಪರೂಪ. ಇಬ್ಬರದು ಸ್ಪಷ್ಟವಾಗಿ ಬೇರೆಯಾದರೆ ಅವರ ತಾಯಿಗೆರೆ ಈಚಿನ ಶತಮಾನಗಳಲ್ಲಿ ಒಂದಾಗಿರಲಿಲ್ಲ ಎಂದು ಹೇಳಬಹುದು. ಒಂದೇ ಆಗಿದ್ದರೆ ಮಾತ್ರ ಏನೂ ಸಾಬೀತಾಗದು. ಎರಡು ಸಾವಿರ ವರ್ಷ ಹಿಂದಿನ ಒಬ್ಬ ಅಜ್ಜಿ ಇಬ್ಬರಿಗೂ ಸಮಾನವಾಗಿದ್ದರೂ ವರದಿ ಹಾಗೆಯೇ ಬರುತ್ತದೆ. 'ನಿಮ್ಮದು ಬಂಗೇರ ಬಳಿ' ಎಂದು ಬರೆದು ಕಳುಹಿಸುವ ಯಂತ್ರ ಎಲ್ಲಿಯೂ ಇಲ್ಲ.

ಇಲ್ಲೇ ಇನ್ನೊಂದು ಮಾತು ಹೇಳಬೇಕು. ಬಳಿ ಬೇರೆ, ಗೋತ್ರ ಬೇರೆ ಎಂದ ಮಾತ್ರಕ್ಕೆ ರಕ್ತಸಂಬಂಧ ದೂರದ್ದು ಎಂದಾಗುವುದಿಲ್ಲ. ಸೋದರಮಾವನ ಮಗಳ ಬಳಿ ಬೇರೆ, ಗೋತ್ರವೂ ಬೇರೆ, ಆದರೆ ಹುಡುಗ ಹುಡುಗಿಯ ವಂಶವಾಹಿಯಲ್ಲಿ ಎಂಟರಲ್ಲಿ ಒಂದು ಪಾಲು ಸಮಾನ. ಸೋದರಿಕೆಯ ಮದುವೆ ಯೋಚಿಸುವ ಮನೆಗಳು ಮಕ್ಕಳ ಆರೋಗ್ಯದ ದೃಷ್ಟಿಯಿಂದ ಕೇಳಬೇಕಾದದ್ದು ವಂಶವಾಹಿ ತಜ್ಞ ವೈದ್ಯರನ್ನು. ಪೂರ್ವಜರ ಪರೀಕ್ಷೆ ಮಾರುವ ಕಂಪನಿಯ ವರದಿಯಿಂದ ಅದು ತಿಳಿಯದು.

ತಂದೆಗೆರೆ ಹಿಡಿಯುವ ಮಕ್ಕಳಕಟ್ಟಿನವರ ವಿಷಯವೇನು? ಅಲ್ಲಿ ವೈಗೆ ಹೆಚ್ಚು ಕೆಲಸವಿದೆ. ಐರಿಶ್ ಕುಲಕ್ಕೆ ನಮ್ಮಲ್ಲಿ ಅತ್ಯಂತ ಹತ್ತಿರದ್ದು ಕೊಡವರ ಒಕ್ಕ. ಒಂದು ಮನೆಹೆಸರು, ಒಂದು ಐನ್‌ಮನೆ, ಒಬ್ಬ ಕಾರೋಣ, ಎಲ್ಲ ಅಪ್ಪನ ಕಡೆಯಿಂದ. ಒಕ್ಕಗಳ ನಡುವೆ 1997ರಿಂದ ನಡೆದು ಬಂದಿರುವ ಹಾಕಿ ಹಬ್ಬದಲ್ಲಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡಗಳು ಆಡಿದವು. ವೈ ಅಧ್ಯಯನಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಪಟ್ಟಿ ಬೇಕೇ! ಆದರೆ ಒಕ್ಕ ಅಳಿಯುವ ಹಂತಕ್ಕೆ ಬಂದಾಗ ಮಗಳ ಮಕ್ಕಳನ್ನೇ ಒಕ್ಕಕ್ಕೆ ಸೇರಿಸಿಕೊಳ್ಳುವ ಒಕ್ಕಪರಿಜೆ ಎಂಬ ಪದ್ಧತಿ ಅಲ್ಲಿಯೂ ಉಂಟು. ಅಲ್ಲಿ ಹೆಸರು ಮುಂದುವರಿಯುತ್ತದೆ, ವೈ ಬದಲಾಗುತ್ತದೆ.

ದತ್ತು ತೆಗೆದುಕೊಂಡ ಯಾವ ಮನೆಯಲ್ಲೂ ಹೀಗೆಯೇ. ಮೈಸೂರು ಅರಸು ಮನೆತನ 1399ರಲ್ಲಿ ಯದುರಾಯರಿಂದ ಶುರುವಾಯಿತೆಂದು ಪರಂಪರೆ. ಮುಮ್ಮಡಿ ಕೃಷ್ಣರಾಜ ಒಡೆಯರ ನಂತರ ಪಟ್ಟಕ್ಕೆ ಬಂದ ಚಾಮರಾಜೇಂದ್ರ ಒಡೆಯರು ದತ್ತುಪುತ್ರರು. 2015ರಲ್ಲಿ ದತ್ತು ಸ್ವೀಕಾರವಾದ ಯದುವೀರ ಒಡೆಯರು ಜಯಚಾಮರಾಜ ಒಡೆಯರ ಮಗಳ ಕಡೆಯ ಸಂತತಿ. ಧರ್ಮಶಾಸ್ತ್ರಕ್ಕೂ ಜನರಿಗೂ ಅವರು ಒಡೆಯರೇ. ವೈ ಪರೀಕ್ಷೆಗೆ ದತ್ತು ಹೋಮ ಕಾಣಿಸುವುದಿಲ್ಲ. ಅದು ಪರೀಕ್ಷೆಯ ಮಿತಿಯೇ ಹೊರತು ಮನೆತನದ ಕೊರತೆಯಲ್ಲ. ದತ್ತು ಹೋದ ಮಗ ಹೊಸ ಗೋತ್ರ ಪಡೆಯುವುದು ಶತಮಾನಗಳಿಂದ ನಡೆದು ಬಂದಿರುವುದರಿಂದ ಒಂದೇ ಗೋತ್ರದವರೆಲ್ಲರ ವೈ ಒಂದೇ ಆಗಿರಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ.

ಬರಹದ ಸಾಕ್ಷಿಯ ವಿಷಯಕ್ಕೆ ಬಂದರೆ, ಐರ್ಲೆಂಡಿನ ವಂಶಾವಳಿಕಾರರನ್ನು ಓದುವಾಗ ನಮಗೆ ನೆನಪಾದದ್ದು ಉತ್ತರ ಕರ್ನಾಟಕದ ಹೆಳವರು. ಬಿಜಾಪುರ, ಬಾಗಲಕೋಟೆ, ಬೆಳಗಾವಿ ಕಡೆಯವರಿಗೆ ಇವರನ್ನು ಪರಿಚಯಿಸಬೇಕಾಗಿಲ್ಲ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತಾ ಸುಗ್ಗಿಯ ಹೊತ್ತಿಗೆ ಊರಿಗೆ ಬಂದು, ಮನೆಯ ಮುಂದೆ ನಿಂತು ನಿಮ್ಮ ಅಜ್ಜ, ಮುತ್ತಜ್ಜ, ಅವರಪ್ಪ ಎಂದು ತಲೆಮಾರುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಮೂಲ ಯಾವ ಊರು, ಯಾವ ಬೆಡಗು, ಯಾವ ಬರಗಾಲದಲ್ಲಿ ಎಲ್ಲಿಂದ ಎಲ್ಲಿಗೆ ಬಂದಿರಿ, ಅಣ್ಣತಮ್ಮಂದಿರಲ್ಲಿ ಯಾರ ಕವಲು ಎಲ್ಲಿ ನೆಲೆಸಿತು ಎಲ್ಲ ಅವರ ಹೊತ್ತಗೆಗಳಲ್ಲಿದೆ. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಜೋಳವನ್ನೋ ಬಟ್ಟೆಯನ್ನೋ ಹಣವನ್ನೋ ಕಾಣಿಕೆ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ಲಿಂಗಾಯತ, ಕುರುಬ, ರೆಡ್ಡಿ ಮೊದಲಾದ ಎಷ್ಟೋ ಸಮುದಾಯಗಳಿಗೆ ಅವರವರ ಹೆಳವರಿದ್ದಾರೆ.

ಹೆಳವರ ಹೊತ್ತಗೆ ಹೇಳುವುದು ಹೆಚ್ಚಾಗಿ ಗಂಡುಗೆರೆಯನ್ನು. ಆದ್ದರಿಂದ ನೂರಾರು ವರ್ಷ ಹಿಂದೆ ಬೇರೆಯಾದ ಇಬ್ಬರು ಅಣ್ಣತಮ್ಮಂದಿರ ಕವಲುಗಳೆಂದು ಹೆಳವರು ಹೇಳುವ ಎರಡು ಮನೆಗಳ ಗಂಡಸರು ವಿಸ್ತಾರವಾದ ವೈ ಪರೀಕ್ಷೆ ಮಾಡಿಸಿದರೆ ಹೊತ್ತಗೆಯ ಮಾತನ್ನು ನೇರವಾಗಿ ಪರೀಕ್ಷಿಸಿದಂತಾಗುತ್ತದೆ. ಪಾಟೀಲ, ದೇಸಾಯಿ, ಕುಲಕರ್ಣಿ ಎಂಬ ಹೆಸರುಗಳನ್ನು ನಂಬಿ ಹೊರಟರೆ ಮಾತ್ರ ದಾರಿ ತಪ್ಪುತ್ತದೆ, ಅವು ಊರಿನ ಅಧಿಕಾರದ ಹೆಸರುಗಳು. ಹಿಡಿಯಬೇಕಾದದ್ದು ಬೆಡಗನ್ನು. ಕರ್ನಾಟಕದಲ್ಲಿ ಐರಿಶ್ ಮಾದರಿಯ ಕೆಲಸ ಎಲ್ಲಾದರೂ ಕೈಗೂಡುವುದಾದರೆ ಅದು ಇಲ್ಲಿ ಎಂದು ನಮ್ಮ ಅನಿಸಿಕೆ. ಆದರೆ ಹೆಳವರ ಮಕ್ಕಳೂ ಈಗ ಶಾಲೆ, ನೌಕರಿ ಎಂದು ಹೊರಟಿದ್ದಾರೆ. ಹೊತ್ತಗೆ ಓದಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ವೈ ಇನ್ನೂ ಸಾವಿರ ವರ್ಷ ಇರುತ್ತದೆ, ಹೊತ್ತಗೆ ಇರುತ್ತದೆಂದು ಹೇಳಲಾಗದು.

ನಮ್ಮ ನಾಡಿನ ಜನರ ಮೇಲೆ ವಿಜ್ಞಾನಿಗಳು ಮಾಡಿದ ಕೆಲಸವೂ ಇದೆ. ಗೋವಾ, ಕುಮಟಾ, ಮಂಗಳೂರುಗಳ 110 ರೋಮನ್ ಕ್ಯಾಥೊಲಿಕರನ್ನು ಪರೀಕ್ಷಿಸಿದ, ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳೂ ಇದ್ದ ತಂಡದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅವರ ವೈಗಳಲ್ಲಿ 40 ಶೇಕಡಾಕ್ಕಿಂತ ಹೆಚ್ಚು ಆರ್1ಎ ಕವಲಿನವು. ಗೌಡ ಸಾರಸ್ವತ ಬ್ರಾಹ್ಮಣರ ಹಳೆಯ ಗೆರೆಗೆ ಹತ್ತಿರದ ನೆಂಟಸ್ತಿಕೆ ಕಂಡುಬಂತು. ಗೋವಾದಲ್ಲಿ ಇನ್‌ಕ್ವಿಸಿಷನ್ ನಡೆದ ಆಸುಪಾಸಿನಲ್ಲಿ ಅವರ ಜನಸಂಖ್ಯೆ ಕುಗ್ಗಿದ್ದರ ಗುರುತೂ ಸಿಕ್ಕಿತು. ಊರು ಬಿಟ್ಟು ದಕ್ಷಿಣಕ್ಕೆ ಓಡಿಬಂದ ಕಥೆಯನ್ನು ಮಂಗಳೂರಿನ ಹಿರಿಯರು ಹೇಳುತ್ತಿದ್ದರಲ್ಲ, ಅದರ ನೆರಳು ವಂಶವಾಹಿಯಲ್ಲೂ ಬಿದ್ದಿದೆ. ಆದರೆ ಗಮನಿಸಿ, ಇದು ಒಂದು ಸಮುದಾಯದ ಕಥೆ. ಒಬ್ಬ ಡಿಸೋಜರ ಮೂಲ ಯಾವ ಗ್ರಾಮದ ಯಾವ ಮನೆ ಎಂದು ಇದರಿಂದ ತಿಳಿಯದು.

ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡಂಚಿನ ನಮ್ಮ ಸಿದ್ದಿ ಬಂಧುಗಳ ವಿಷಯದಲ್ಲಿ ಈ ವಿಜ್ಞಾನ ಇನ್ನೂ ದೊಡ್ಡ ಉಪಕಾರ ಮಾಡಿದೆ. ಗುಲಾಮರಾಗಿ ತರಲ್ಪಟ್ಟವರಿಗೆ ವಂಶಾವಳಿ ಬರೆದಿಟ್ಟವರು ಯಾರು? ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಮೇಲೆ 2011ರಲ್ಲಿ ಪ್ರಕಟವಾದ ಅಧ್ಯಯನ, ಅವರ ತಂದೆಗೆರೆಯಲ್ಲಿ ಆಫ್ರಿಕಾದ ಬಾಂಟು ಭಾಷಿಕರ ಗುರುತನ್ನು ಕಂಡಿತು, ಸ್ಥಳೀಯರೊಂದಿಗೆ ಬೆರೆತದ್ದು ಸುಮಾರು 200 ವರ್ಷಗಳ ಹಿಂದೆ ಎಂದು ಲೆಕ್ಕ ಹಾಕಿತು. ದೋಹಾದ ಮುಶೈರಿಬ್‌ನಲ್ಲಿ 2015ರಲ್ಲಿ ತೆರೆದ ಬಿನ್ ಜೆಲ್ಮೂದ್ ಮನೆಯ ವಸ್ತುಸಂಗ್ರಹಾಲಯ ಹಿಂದೂ ಮಹಾಸಾಗರದ ಇದೇ ಗುಲಾಮ ವ್ಯಾಪಾರದ ಕಥೆ ಹೇಳುತ್ತದೆ. ಕತಾರಿನಲ್ಲಿ ಗುಲಾಮಗಿರಿ ರದ್ದಾದದ್ದು 1952ರಲ್ಲಿ. ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ, ಸಿದ್ದಿಗಳ ಕಥೆಯನ್ನೂ ಅಲ್ಲೇ ಹೇಳಿ.

ಅರಬ್ ವ್ಯಾಪಾರಿಗಳ ಸಂತತಿಯೆಂದು ಹೇಳಿಕೊಳ್ಳುವ ಪರಂಪರೆ ಕರಾವಳಿಯ ಮುಸ್ಲಿಂ ಸಮುದಾಯಗಳಲ್ಲೂ ಇದೆ. ಕೇರಳದ ಮಾಪಿಳ್ಳೆಗಳೂ ಸೇರಿದಂತೆ ಭಾರತದ 6 ಮುಸ್ಲಿಂ ಸಮುದಾಯಗಳ ಮೇಲೆ 2010ರಲ್ಲಿ ಬಂದ ಅಧ್ಯಯನ, ಬಹುಪಾಲು ಸ್ಥಳೀಯರದೇ ಗುರುತು, ಜೊತೆಗೆ ಹೊರಗಿನಿಂದ ಸಣ್ಣದಾದರೂ ಕಾಣುವಂಥ ಪಾಲು ಎಂದಿತು. ಪರಂಪರೆಯ ಮಾತು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ಲೆಕ್ಕವೂ ಅಲ್ಲ.

ವರದಿ ಕೈಗೆ ಬಂದಾಗ ಅದರಲ್ಲಿ ಆರ್1ಎ, ಎಲ್, ಎಚ್, ಜೆ2, ಆರ್2 ಎಂಬಂಥ ಅಕ್ಷರಗಳಿರುತ್ತವೆ. ಇವು ಕುಲದ ಹೆಸರುಗಳಲ್ಲ, ಜಾತಿಯ ಹೆಸರುಗಳಂತೂ ಅಲ್ಲವೇ ಅಲ್ಲ. ಸಾವಿರಾರು ವರ್ಷ ಹಿಂದಿನ ಮಹಾಕವಲುಗಳು. ಆರ್1ಎ ಬಂದರೆ ಎದೆಯುಬ್ಬಿಸುವವರೂ ಇದ್ದಾರೆ. ಅದೇ ಕವಲು ಆಂಧ್ರದ ಚೆಂಚು ಬುಡಕಟ್ಟಿನವರಲ್ಲೂ ಇದೆಯೆಂದು 2003ರಲ್ಲೇ ಪ್ರಕಟವಾಗಿದೆ. ಇನ್ನು ಲೆಕ್ಕವನ್ನೇ ನೋಡಿ: ಹತ್ತು ತಲೆಮಾರು ಹಿಂದೆ ನಿಮಗೆ 1,024 ಪೂರ್ವಜರ ಸ್ಥಾನಗಳಿವೆ, ಇಪ್ಪತ್ತು ತಲೆಮಾರಿಗೆ ಹತ್ತು ಲಕ್ಷ ದಾಟುತ್ತದೆ. ವೈ ಹೇಳುವುದು ಅವರಲ್ಲಿ ಒಬ್ಬನ ಬಗ್ಗೆ ಮಾತ್ರ.

ಮನಸ್ಸಿಗೆ ಸಂಬಂಧಿಸಿದ ಅಪಾಯವೂ ಉಂಟು. ದಾಖಲೆಯ ಅಪ್ಪ ಒಬ್ಬ, ಹುಟ್ಟಿನ ಅಪ್ಪ ಇನ್ನೊಬ್ಬ ಎಂಬ ಪ್ರಸಂಗ ಯುರೋಪಿನ ಅಧ್ಯಯನಗಳ ಪ್ರಕಾರ ತಲೆಮಾರಿಗೆ ಸುಮಾರು ಶೇಕಡಾ 1. ಕಡಿಮೆಯೇ. ಆದರೆ ಅದೇ ಲೆಕ್ಕ ಹಿಡಿದರೆ ಇಪ್ಪತ್ತು ತಲೆಮಾರಿನ ಗೆರೆ ಎಲ್ಲಾದರೂ ಒಮ್ಮೆ ಮುರಿದಿರುವ ಸಾಧ್ಯತೆ ಶೇಕಡಾ 18. ದೂರದ ಅಜ್ಜನ ಕಾಲದ್ದಾದರೆ ನಕ್ಕು ಬಿಡಬಹುದು. ಈಗ ಬದುಕಿರುವವರ ಕಾಲದ್ದಾದರೆ? ಅಣ್ಣತಮ್ಮಂದಿರ ವೈ ಹೊಂದದ ವರದಿ ಊರಿನಲ್ಲಿರುವ ಎಂಬತ್ತು ವರ್ಷದ ತಾಯಿಯ ಮುಂದೆ ಬಂದರೆ ಆ ಮನೆಯ ಗತಿ ಏನು? ಒಬ್ಬರು ಮಾಡಿಸಿದ ಪರೀಕ್ಷೆ ದಾಯಾದಿಗಳೆಲ್ಲರ ಗುಟ್ಟನ್ನೂ ಬಿಚ್ಚುತ್ತದೆ. ಅವರನ್ನು ಕೇಳಿಯೇ ಮಾಡಿಸಿ.

ಮಾಹಿತಿಯ ಭದ್ರತೆಗೂ ಖಾತ್ರಿಯಿಲ್ಲ. ಲಕ್ಷಾಂತರ ಜನ ನಂಬಿದ್ದ 23ಆಂಡ್‌ಮೀ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು. 2025ರ ಮಾರ್ಚಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು, ಅದೇ ವರ್ಷ ಅದರ ಸಂಸ್ಥಾಪಕಿಯ ಲಾಭರಹಿತ ಸಂಸ್ಥೆ ಅದನ್ನು ಕೊಂಡುಕೊಂಡಿತು. ಬ್ಯಾಂಕ್ ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ವೈ ಬದಲಾಯಿಸಲಾಗದು.

ಇಷ್ಟಾದ ಮೇಲೂ ಮಾಡಿಸಬೇಕೆಂದಿರುವವರಿಗೆ ಕೆಲವು ಮಾತು. ಕತಾರಿನಿಂದ ಜೊಲ್ಲಿನ ಅಥವಾ ಕೆನ್ನೆಯ ಮಾದರಿಯನ್ನು ಹೊರದೇಶಕ್ಕೆ ಕಳುಹಿಸುವ ಮೊದಲು ಇಲ್ಲಿನ ನಿಯಮವನ್ನು ಕೊರಿಯರ್ ಕಂಪನಿಯವರಲ್ಲೂ ಆರೋಗ್ಯ ಇಲಾಖೆಯಲ್ಲೂ ವಿಚಾರಿಸಿ. ಅಗ್ಗದ ಪರೀಕ್ಷೆಯಿಂದ ಮಹಾಕವಲು ಮಾತ್ರ ತಿಳಿಯುತ್ತದೆ. ಮನೆತನದ ಮಟ್ಟಕ್ಕೆ ಬರಬೇಕಾದರೆ ವಿಸ್ತಾರವಾದ ವೈ ಪರೀಕ್ಷೆಯೇ ಬೇಕು, ಅದಕ್ಕೆ ನಾಲ್ಕೈದು ನೂರು ಡಾಲರ್ ಆದೀತು. ಅದೂ ಒಬ್ಬರೇ ಮಾಡಿಸಿದರೆ ಪ್ರಯೋಜನ ಕಡಿಮೆ. ಆ ಕಂಪನಿಗಳ ಪಟ್ಟಿಯಲ್ಲಿ ಯುರೋಪ್ ಮೂಲದವರೇ ತುಂಬಿದ್ದು, ನಮ್ಮವರು ಬೆರಳೆಣಿಕೆಯಷ್ಟು. ಒಂದೇ ಮೂಲವೆಂದು ನಂಬಿರುವ ಎರಡು ಮೂರು ಮನೆಗಳ ಗಂಡಸರು ಒಟ್ಟಾಗಿ ಮಾಡಿಸಿದರೆ ಹೋಲಿಸಲು ಏನಾದರೂ ಸಿಗುತ್ತದೆ.

ಅಳಿಯಕಟ್ಟಿನ ಮನೆಯವರು ಆ ಹಣದಲ್ಲಿ ಊರಿಗೊಂದು ಟಿಕೆಟ್ ತೆಗೆಯುವುದೇ ಲೇಸು. ಕುಟುಂಬದ ಮನೆ, ಮೂಲ ನಾಗಬನ, ಕುಟುಂಬದ ದೈವ ಎಲ್ಲವೂ ತಾಯಿಗೆರೆಯಲ್ಲೇ ಬಂದಿರುವುದರಿಂದ ಕೇಳಬೇಕಾದ ಪ್ರಶ್ನೆಗಳೂ ಆ ಕಡೆಯವೇ: ಅಮ್ಮನ ಅಮ್ಮ ಹುಟ್ಟಿದ್ದು ಯಾವ ಮನೆಯಲ್ಲಿ? ಆಕೆಯ ಅಮ್ಮ ಯಾವ ಊರಿಂದ ಬಂದವರು? ಆ ಮನೆಯ ಯಜಮಾನಿಕೆ ಆಗ ಯಾವ ಮಾವನಲ್ಲಿತ್ತು? ವರ್ಷಾವಧಿ ನೇಮಕ್ಕೆ ಅವರು ಯಾವ ಚಾವಡಿಗೆ ಹೋಗುತ್ತಿದ್ದರು? ಭೂಮಿಯ ಹಳೆಯ ದಾಖಲೆಗಳಲ್ಲಿ, 1949ರ ನಂತರದ ಪಾಲುಪತ್ರಗಳಲ್ಲಿ ಕವಲಿನ ಹೆಂಗಸರ ಹೆಸರುಗಳು ಸಿಗುತ್ತವೆ, ನೋಂದಣಿ ಕಚೇರಿಯಲ್ಲಿ ಪ್ರತಿ ಕೇಳಿ ಪಡೆಯಬಹುದು. ಅಜ್ಜಿಯ ಓರಗೆಯವರು ಯಾರಾದರೂ ಇದ್ದರೆ ಮೊಬೈಲಿನಲ್ಲಿ ಅವರ ಮಾತನ್ನು ತುಳುವಿನಲ್ಲೇ ಧ್ವನಿಮುದ್ರಿಸಿಕೊಳ್ಳಿ. ಮಧ್ಯಾಹ್ನ ಊಟವಾದ ಮೇಲೆ, ಎಲೆ ಅಡಿಕೆ ಹಾಕಿಕೊಂಡು ಕೂತ ಹೊತ್ತಿನಲ್ಲಿ ಕೇಳಿದರೆ ಹೆಚ್ಚು ಹೆಸರುಗಳು ಬರುತ್ತವೆ.